ಬೇಚರಾಕು ಊರಿಗೆ ದೀಪ



ಕಂದಾಯ ಇಲಾಖೆಯ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಒಂದು ಶಬ್ದ ಬರುತ್ತದೆ: ಬೇಚರಾಕು ಗ್ರಾಮ. ಕೆಲವರು ಬೇಚಿರಾಕ್ ಎಂದೂ ಬರೆಯುತ್ತಾರೆ. ಆ ಊರಿಗೆ ಹೆಸರಿರುತ್ತದೆ, ಎಲ್ಲೆ ಇರುತ್ತದೆ, ಸರ್ವೆ ನಂಬರು ಇರುತ್ತದೆ, ಹೊಲಕ್ಕೆ ಕಂದಾಯವೂ ಇರುತ್ತದೆ. ಇಲ್ಲದಿರುವುದು ವಾಸ ಮಾಡುವ ಜನ ಮಾತ್ರ. ಪಾರಸಿ ಭಾಷೆಯಲ್ಲಿ ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ದೀಪವಿಲ್ಲದ ಊರು ಎಂದು ಅರ್ಥ. ಊರು ಬರಿದಾಗಿದೆ ಎನ್ನುವುದಕ್ಕೆ ಆ ಕಾಲದ ಲೆಕ್ಕಿಗರು ಗೋಡೆ ಬಿದ್ದಿದೆಯೋ ನಿಂತಿದೆಯೋ ಎಂದು ನೋಡಲಿಲ್ಲ. ಸಂಜೆ ಅಲ್ಲಿ ದೀಪ ಹಚ್ಚುವವರು ಇದ್ದಾರೆಯೇ ಎಂದು ನೋಡಿದರು. ಇದು ಬಹಳ ತಿಳಿವಳಿಕೆಯ ಮಾತು ಎಂದು ನನಗೆ ಅನ್ನಿಸಿದೆ.

ನಾವು ಗಡಿಯವರು ಇದಕ್ಕೆ ಇನ್ನೊಂದು ಮಾತನ್ನೂ ಬಳಸುತ್ತೇವೆ, ಹಾಳೂರು. ತಮಿಳಿನಲ್ಲಿ ಪಾಳ್ ಎನ್ನುವುದೇ ನಮ್ಮ ಹಾಳು. ಪಾಲ್ ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ, ಪಾಳ್ ಹಾಳಾಯಿತು. ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು ಭಾಷೆ ಆಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಭಾಷೆಗೂ ಹಾಳಾಗುವ ದುಃಖ ಒಂದೇ ಮಾತಿನಲ್ಲಿದೆ.

ಇಂಥ ಹಳೆಯ ಊರುಗಳಲ್ಲಿ ಉಳಿದಿರುವ ಮನೆ, ಚಾವಡಿ, ಮಂಟಪ, ಛತ್ರಗಳನ್ನು ದುರಸ್ತಿ ಮಾಡಿ ಹೊಸ ಕೆಲಸಕ್ಕೆ ಹಚ್ಚುವ ವಿಚಾರವನ್ನು ಈ ದಿನ ನಿಮ್ಮ ಮುಂದೆ ಇಡುತ್ತೇನೆ. ನಾನು ಹೇಳಬೇಕೆಂದಿರುವುದು ಇಷ್ಟೇ. ಯಾವ ಕಟ್ಟಡಕ್ಕೆ ದಿನವೂ ಒಂದು ಕೆಲಸವಿದೆಯೋ ಅದು ನಿಲ್ಲುತ್ತದೆ; ಕೆಲಸ ತಪ್ಪಿದ ಕಟ್ಟಡ ಎಷ್ಟು ಗಟ್ಟಿಯಾಗಿದ್ದರೂ ಬೀಳುತ್ತದೆ. ಆ ಕೆಲಸ ಯಾರ ಕೈಯಲ್ಲಿರಬೇಕು ಎಂಬುದು ಇನ್ನೊಂದು ಪ್ರಶ್ನೆ. ಅದನ್ನೂ ಕೊನೆಗೆ ವಿಚಾರ ಮಾಡೋಣ.

ಮೊದಲು, ಊರು ಏಕೆ ಬರಿದಾಗುತ್ತದೆ? ನಮ್ಮ ಸೀಮೆಯ ಚರಿತ್ರೆಯಲ್ಲೇ ಇದಕ್ಕೆ ಉತ್ತರವಿದೆ. ಮೊದಲನೆಯದು ಯುದ್ಧ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮೈಸೂರಿನ ದಂಡು, ಕುಂಪಣಿಯ ದಂಡು ಎರಡೂ ಓಡಾಡಿದ ದಾರಿ ನಮ್ಮದು. 1791ರಲ್ಲಿ ರಾಯಕೋಟೆ ಕುಂಪಣಿಯ ಕೈಸೇರಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಸೀಮೆ ಹೋಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರು ಕಡೆಯ ಮೇಲುಸೀಮೆಯೂ ಕುಂಪಣಿಗೆ ಸೇರಿತು. ದಂಡು ಹಾದುಹೋದ ದಾರಿಯಲ್ಲಿ ದನಕ್ಕೆ ಮೇವಾಗಲಿ, ಕಣಜಕ್ಕೆ ರಾಗಿಯಾಗಲಿ ಉಳಿಯುವುದಿಲ್ಲ. ಜನ ಕಾಡಿಗೋ ಕೋಟೆಯ ಮರೆಗೋ ಹೋಗುತ್ತಾರೆ. ಹೋದವರಲ್ಲಿ ಎಲ್ಲರೂ ಹಿಂದಿರುಗುವುದಿಲ್ಲ.

ಎರಡನೆಯದು ಬರ ಮತ್ತು ರೋಗ. 1876ರಿಂದ 1878ರವರೆಗಿನ ದೊಡ್ಡ ಬರ ಮೈಸೂರು ಸಂಸ್ಥಾನವನ್ನೂ ಸೇಲಂ ಜಿಲ್ಲೆಯನ್ನೂ ಒಟ್ಟಿಗೆ ಹಿಂಡಿತು. ಸಂಸ್ಥಾನದಲ್ಲಿ ಐದು ಜನರಲ್ಲಿ ಒಬ್ಬರಂತೆ ಸತ್ತರೆಂದು ಲೆಕ್ಕ ಹೇಳುತ್ತಾರೆ. ಅದಾದ ಮೇಲೆ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪ್ಲೇಗು ಬಂದ ಊರಿನವರು ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಕೆಲವು ಕಡೆ ಆ ಗುಡಿಸಲೇ ಹೊಸ ಊರಾಯಿತು, ಹಳೆಯ ಊರು ಹಾಳೂರಾಯಿತು.

ಮೂರನೆಯದು ಅಣೆಕಟ್ಟು. ಹೊಗೇನಕಲ್ಲಿನ ಕೆಳಗೆ ಮೆಟ್ಟೂರು ಅಣೆ 1934ರಲ್ಲಿ ಮುಗಿದಾಗ ಕಾವೇರಿ ದಡದ ಊರುಗಳು ಮುಳುಗಿದವು. ನೀರು ಇಳಿದ ವರ್ಷ ಹಳೆಯ ದೇವಸ್ಥಾನದ ನಂದಿಯೂ ಇಗರ್ಜಿಯ ಗೋಪುರವೂ ಮೇಲೆ ಕಾಣುತ್ತವೆ, ಜನ ನೋಡಲು ಹೋಗುತ್ತಾರೆ. ಮೇಲೆ ಮೈಸೂರಿನ ಕಡೆ ಕನ್ನಂಬಾಡಿ ಕಟ್ಟೆ ಕಟ್ಟಿದಾಗ ಕನ್ನಂಬಾಡಿ ಎಂಬ ಊರೇ ನೀರಿನಡಿ ಹೋಯಿತು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯವನ್ನು ಬಹಳ ವರ್ಷಗಳ ಮೇಲೆ ಕಲ್ಲು ಕಲ್ಲಾಗಿ ಬಿಚ್ಚಿ, ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಕಟ್ಟಿದ್ದಾರೆ. ಇಂದು ಅಲ್ಲಿ ಜನ ಹೋಗಿ ಕೈಮುಗಿಯುತ್ತಾರೆ.

ನಾಲ್ಕನೆಯ ಕಾರಣ ನಮ್ಮ ಕಾಲದ್ದು. 1970ರ ದಶಕದಿಂದ ಹೊಸೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬೆಳೆಯಿತು. ಆನೇಕಲ್ ದಾಟಿದರೆ ಬೆಂಗಳೂರಿನ ಕಾರ್ಖಾನೆ, ಕಂಪನಿ. ತಳಿ, ಡೆಂಕಣಿಕೋಟೆ, ಕೆಳಮಂಗಲ, ಅಂಚೆಟ್ಟಿ ಕಡೆಯ ಹುಡುಗರು ಶಿಫ್ಟಿಗೆ ಹೋದರು, ಅಲ್ಲೇ ಬಾಡಿಗೆ ಮನೆ ಹಿಡಿದರು. ಇದು ತಪ್ಪಲ್ಲ, ಹೊಟ್ಟೆಪಾಡು. ಆದರೆ ಊರಿನಲ್ಲಿ ತೊಟ್ಟಿ ಮನೆಯ ಬಾಗಿಲಿಗೆ ಬೀಗ ಬಿತ್ತು. ಊರು ಪೂರ್ತಿ ಬೇಚರಾಕು ಆಗದಿದ್ದರೂ ಬೀದಿಯಲ್ಲಿ ಒಂದೊಂದು ಮನೆ ಬೇಚರಾಕು ಆಗುತ್ತಾ ಬಂತು.

ಬೀಗ ಹಾಕಿದ ಮನೆ ಬೀಳುವ ಕ್ರಮ ನಿಮಗೆ ಗೊತ್ತು. ಮೊದಲು ಒಂದು ಹೆಂಚು ಜಾರುತ್ತದೆ. ಜನ ಇದ್ದರೆ ಅದೇ ದಿನ ಏಣಿ ಹಾಕಿ ಸರಿ ಮಾಡುತ್ತಾರೆ. ಇಲ್ಲದಿದ್ದರೆ ಆ ತೂತಿನಲ್ಲಿ ಒಂದು ಮಳೆಗಾಲದ ನೀರು ಇಳಿಯುತ್ತದೆ. ತೊಲೆ ನೆನೆಯುತ್ತದೆ, ಗೆದ್ದಲು ಹತ್ತುತ್ತದೆ. ಮಣ್ಣಿನ ಗೋಡೆಯ ತಲೆ ಕರಗುತ್ತದೆ. ಹಕ್ಕಿ ತಂದು ಹಾಕಿದ ಅರಳಿ ಬೀಜ ಸಂದಿಯಲ್ಲಿ ಮೊಳೆಯುತ್ತದೆ. ಅದರ ಬೇರಿಗೆ ಕಲ್ಲಿನ ಗೋಡೆಯನ್ನೂ ಸೀಳುವ ಶಕ್ತಿಯಿದೆ. ಹತ್ತು ಮಳೆಗಾಲ ಸಾಕು, ನೂರು ವರ್ಷದ ಮನೆ ಮಣ್ಣಿನ ದಿಬ್ಬವಾಗುತ್ತದೆ. ಮನೆಯವರು ದಿನಾ ಒಲೆ ಹಚ್ಚುವುದರಿಂದ, ಹೊಗೆ ತೊಲೆಗೆ ತಾಗುವುದರಿಂದ, ಸಾರಿಸುವುದರಿಂದ, ಗುಡಿಸುವುದರಿಂದಲೇ ಮನೆ ನಿಂತಿತ್ತು ಎಂಬುದು ಆಗ ತಿಳಿಯುತ್ತದೆ.

ಇದಕ್ಕೆ ನಮ್ಮ ಹತ್ತಿರದ ಮೂರು ಕಟ್ಟಡಗಳನ್ನೇ ನೋಡಿ.

ಮೊದಲನೆಯದು ಹೊಸೂರಿನದು. 19ನೆಯ ಶತಮಾನದಲ್ಲಿ ಸೇಲಂ ಜಿಲ್ಲೆಗೆ ಬ್ರೆಟ್ ಎಂಬ ಕಲೆಕ್ಟರು ಇದ್ದರು. ಹೊಸೂರಿನ ಹವೆ ಹಿಡಿಸಿ, ಅಲ್ಲಿ ಇಂಗ್ಲೆಂಡಿನ ಕೆನಿಲ್‌ವರ್ತ್ ಕೋಟೆಯ ಮಾದರಿಯಲ್ಲಿ ಒಂದು ದೊಡ್ಡ ಬಂಗಲೆ ಕಟ್ಟಿಸಿದರು. ಅದು ಒಬ್ಬ ಮನುಷ್ಯನ ಆಸೆಗೆ ಕಟ್ಟಿದ್ದು. ಆ ಮನುಷ್ಯ ಹೋದ ಮೇಲೆ ಅದಕ್ಕೆ ಹೊಂದುವ ಕೆಲಸ ಯಾವುದೂ ಗಟ್ಟಿಯಾಗಿ ನಿಲ್ಲಲಿಲ್ಲ. ಅದು ಪಾಳುಬಿತ್ತು.

ಎರಡನೆಯದು ಮತ್ತಿಗಿರಿಯ ಫಾರಂ. 1824ರಲ್ಲಿ ಕುಂಪಣಿಯವರು ದಂಡಿನ ಕುದುರೆಗಳಿಗಾಗಿ ಅದನ್ನು ಶುರು ಮಾಡಿದರು. ಕುದುರೆ ದಂಡಿನ ಕಾಲ ಮುಗಿಯಿತು. ಆದರೆ ಜಾಗ ಬಿಡಲಿಲ್ಲ. ದನ, ಕುರಿ, ಕೋಳಿ ಸಾಕುವ ಸರ್ಕಾರಿ ಫಾರಂ ಆಯಿತು. ಸವಾರರ ಕೆಲಸ ಹೋಗಿ ಗೋಪಾಲಕರ ಕೆಲಸ ಬಂತು. ಸುಮಾರು ಇನ್ನೂರು ವರ್ಷ ಅಲ್ಲಿ ಬೆಳಗಾಗುವ ಮೊದಲೇ ಯಾರೋ ಎದ್ದು ಮೇವು ಹಾಕುತ್ತಾ ಬಂದಿದ್ದಾರೆ.

ಮೂರನೆಯದು ತೊರಪಳ್ಳಿಯ ಮನೆ. 1878ನೆಯ ಡಿಸೆಂಬರ್ 10ರಂದು ಆ ಊರಿನ ಒಂದು ಸಾಮಾನ್ಯ ಮನೆಯಲ್ಲಿ ಹುಟ್ಟಿದ ಮಗು ಮುಂದೆ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದ ರಾಜಾಜಿ. ಆ ಮನೆಯನ್ನು ತಮಿಳುನಾಡು ಸರ್ಕಾರ ಸ್ಮಾರಕವಾಗಿ ಇಟ್ಟುಕೊಂಡಿದೆ. ಮನೆ ದೊಡ್ಡದಲ್ಲ, ಅರಮನೆಯಲ್ಲ. ಅದನ್ನು ತೆರೆದು, ಗುಡಿಸಿ, ಬಂದವರಿಗೆ ತೋರಿಸುವ ಕೆಲಸ ಒಂದಿದೆ. ಅದೇ ಕಾರಣಕ್ಕೆ ಅದು ನಿಂತಿದೆ. ಕೋಟೆಯಂಥ ಬಂಗಲೆ ಬಿದ್ದಿತು, ಹಳ್ಳಿಯ ಮನೆ ಉಳಿಯಿತು ಎಂಬುದನ್ನು ಗಮನಿಸಬೇಕು.

ಇವು ಬಿಡಿ ಕಟ್ಟಡಗಳ ಮಾತಾಯಿತು. ಒಂದು ಹಳೆಯ ಊರನ್ನೇ ಎತ್ತಿ ನಿಲ್ಲಿಸುವ ಪ್ರಯತ್ನ ನೋಡಬೇಕಾದರೆ ತುಂಗಭದ್ರೆಯ ದಡಕ್ಕೆ ಹೋಗಬೇಕು. ಹೊಳೆಯ ಈಚೆ ದಡದಲ್ಲಿ ಹಂಪಿ, ಆಚೆ ದಡದಲ್ಲಿ ಆನೆಗೊಂದಿ. ವಿಜಯನಗರ ಕಟ್ಟುವ ಮೊದಲೇ ಇದ್ದ ಕೋಟೆಯೂರು ಆನೆಗೊಂದಿ. 1565ರ ತಾಳೀಕೋಟೆ ಯುದ್ಧದ ಮೇಲೆ ರಾಜಧಾನಿ ಬರಿದಾಯಿತು. ಆನೆಗೊಂದಿ ಮಾತ್ರ ಸಣ್ಣ ಹಳ್ಳಿಯಾಗಿ ಉಸಿರು ಹಿಡಿದುಕೊಂಡಿತು. ಇಂದು ಅದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿದೆ. ಕೋಟೆಯ ಬಾಗಿಲು, ಕಲ್ಲಿನ ಮಂಟಪ, ಅದರ ನಡುವೆ ಕಲ್ಲು ಮಣ್ಣಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳು. ಕಾಲ ಬದಲಾದಂತೆ ಅಲ್ಲಿಯೂ ಜನ ಹಳೆಯ ಮನೆ ಬಿಡತೊಡಗಿದರು. ಮಾಳಿಗೆ ಸೋರುತ್ತದೆ, ದುರಸ್ತಿಗೆ ಆಳಿಲ್ಲ, ಸಿಮೆಂಟಿನ ಮನೆ ಗೌರವ ಎಂಬ ಭಾವನೆ ಬೇರೆ.

1997ರಲ್ಲಿ ಶಮಾ ಪವಾರ್ ಅವರು ಅಲ್ಲಿ ಕಿಷ್ಕಿಂಧಾ ಟ್ರಸ್ಟ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅವರು ಮಾಡಿದ್ದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಎರಡು. ಹಳೆಯ ಮನೆಗಳನ್ನು ಆ ಊರಿನ ರೀತಿಯಲ್ಲೇ ಕಲ್ಲು, ಮಣ್ಣು, ಮರ, ಸುಣ್ಣ ಬಳಸಿ ದುರಸ್ತಿ ಮಾಡಿ, ಕೆಲವನ್ನು ಬಂದವರು ತಂಗುವ ಮನೆಗಳನ್ನಾಗಿ, ಕೆಲವನ್ನು ಕೈಕೆಲಸದ ಶಾಲೆಗಳನ್ನಾಗಿ ಮಾಡಿದ್ದು ಒಂದು. ಆ ಸೀಮೆಯಲ್ಲಿ ಬಾಳೆ ತೋಟ ಬಹಳ. ಗೊನೆ ಕಡಿದ ಮೇಲೆ ಬಿಸಾಡುವ ದಿಂಡಿನಿಂದ ನಾರು ತೆಗೆದು, ಹುರಿ ಹೊಸೆದು, ಚೀಲ, ಚಾಪೆ, ಬುಟ್ಟಿ ಮಾಡುವುದನ್ನು ಊರಿನ ಹೆಂಗಸರಿಗೆ ಕಲಿಸಿದ್ದು ಇನ್ನೊಂದು. ಇಲ್ಲಿ ಗೋಡೆಯ ದುರಸ್ತಿ ಬೇರೆಯಲ್ಲ, ಊಟದ ದಾರಿ ಬೇರೆಯಲ್ಲ. ನಾರಿನ ಕೆಲಸಕ್ಕೆ ನೆರಳು ಬೇಕು, ಜಗಲಿ ಬೇಕು. ಹಳೆಯ ಮನೆಯಲ್ಲಿ ಅವೆರಡೂ ಇವೆ. ಕೆಲಸ ಮಾಡುವ ಹೆಂಗಸರು ಇದ್ದ ಮೇಲೆ ಮನೆ ಗುಡಿಸದೆ ಇರುವುದಿಲ್ಲ.

ಹೊಳೆಯ ಈಚೆ ದಡದ ಕಥೆ ಬೇರೆ. ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ವಿರೂಪಾಕ್ಷ ದೇವಸ್ಥಾನದ ಮುಂದಿನ ಬೀದಿಯ ಸಾಲು ಮಂಟಪಗಳಲ್ಲಿ ಜನ ಅಡ್ಡಗೋಡೆ ಹಾಕಿಕೊಂಡು ವಾಸವಿದ್ದರು. ಅಂಗಡಿ, ಹೋಟೆಲು, ಮನೆ ಎಲ್ಲಾ ಅಲ್ಲೇ. ಅದರಿಂದ ಮಂಟಪಗಳಿಗೆ ಧಕ್ಕೆ ಆಗುತ್ತದೆ ಎಂಬುದು ಸರ್ಕಾರದ ವಾದ. ನಾವು ಇಲ್ಲಿದ್ದುದರಿಂದಲೇ ಬೀದಿಗೆ ಜೀವ ಇತ್ತು ಎಂಬುದು ಜನರ ವಾದ. 2011ರ ಜುಲೈಯಲ್ಲಿ ಯಂತ್ರಗಳು ಬಂದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಡಬೇಕಾಯಿತು. ಅವರಿಗೆ ಕಡ್ಡಿರಾಂಪುರದ ಕಡೆ ನಿವೇಶನ ತೋರಿಸಲಾಯಿತು. ಕಲ್ಲಿನ ಕಂಬಗಳು ಇಂದು ಚೊಕ್ಕಟವಾಗಿ ಕಾಣುತ್ತವೆ. ಆದರೆ ಹಳೆಯ ಲೆಕ್ಕಿಗರು ಬಂದರೆ ಆ ಬೀದಿಗೆ ಯಾವ ಹೆಸರು ಬರೆದುಕೊಳ್ಳುತ್ತಾರೆ, ನೀವೇ ಹೇಳಿ.

ಹಾಗೆಂದು ಯಾರು ಬೇಕಾದರೂ ಬಂದು ಏನು ಬೇಕಾದರೂ ಮಾಡಬಹುದು ಎಂದಲ್ಲ. ಅದೇ ಹೊಳೆಯ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗಳಿಗಾಗಿ ರೆಸಾರ್ಟುಗಳು ಅನುಮತಿ ಇಲ್ಲದೆ ಎದ್ದವು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಅವನ್ನು ತೆಗೆದರು. ದೀಪವೇ ಇಲ್ಲದ ಊರು ಹಾಳು, ಝಗಮಗಿಸುವ ಬಲ್ಬು ತುಂಬಿದ ಊರು ಇನ್ನೊಂದು ರೀತಿಯ ಹಾಳು. ಎರಡರ ನಡುವೆ ಆನೆಗೊಂದಿಯ ಕೈನಾರಿನ ಕೆಲಸದಂಥ ಸಣ್ಣ ದಾರಿ ಇದೆ.

ಹೊರದೇಶದಲ್ಲಿಯೂ ಇದೇ ಪಾಠ. ಇಟಲಿ ದೇಶದ ದಕ್ಷಿಣದಲ್ಲಿ ಮತೇರಾ ಎಂಬ ಊರಿದೆ. ಸುಣ್ಣಕಲ್ಲಿನ ಕಣಿವೆಯಲ್ಲಿ ಕೊರೆದ ಗವಿಮನೆಗಳಲ್ಲಿ ಬಡವರು ದನಕರುಗಳೊಂದಿಗೆ ವಾಸವಿದ್ದರು. ರೋಗರುಜಿನ ಹೆಚ್ಚು. ಇದು ದೇಶಕ್ಕೇ ಅವಮಾನ ಎಂದು 1952ರಲ್ಲಿ ಕಾನೂನು ಮಾಡಿ, ಸುಮಾರು 15 ಸಾವಿರ ಜನರನ್ನು ಹೊಸ ಬಡಾವಣೆಗಳಿಗೆ ಕಳಿಸಿದರು. ಗವಿಮನೆಗಳು ಬರಿದಾಗಿ ಹಾಳಾದವು. 1986ರಲ್ಲಿ ಇನ್ನೊಂದು ಕಾನೂನು ಬಂತು: ಮನೆಗಳನ್ನು ದುರಸ್ತಿ ಮಾಡಿ ವಾಸಕ್ಕೆ ಬರಬಹುದು. 1993ರಲ್ಲಿ ಮತೇರಾ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 2019ರಲ್ಲಿ ಯೂರೋಪಿನ ಸಂಸ್ಕೃತಿ ರಾಜಧಾನಿ ಎಂಬ ಬಿರುದು ಪಡೆಯಿತು. ಅವಮಾನ ಎಂದಿದ್ದೇ ಅಭಿಮಾನವಾಯಿತು. ಆದರೆ ಆ ಗವಿಗಳಲ್ಲಿ ಅನೇಕವು ಇಂದು ಹೋಟೆಲುಗಳು. ಮೊದಲು ಅಲ್ಲಿ ಹುಟ್ಟಿ ಬೆಳೆದವರ ಮಕ್ಕಳು ಒಂದು ರಾತ್ರಿ ತಂಗಬೇಕಾದರೂ ದುಡ್ಡು ಕೊಡಬೇಕು. ಗೋಡೆ ಉಳಿಸಿದವರು ಜನರನ್ನೂ ಉಳಿಸಿದರೆ ಎಂದು ಕೇಳಬೇಕಾಗುತ್ತದೆ.

ಮನೆಯನ್ನೇ ಬಿಚ್ಚಿ ಬೇರೆ ಕಡೆ ಒಯ್ದು ನಿಲ್ಲಿಸುವ ದಾರಿಯೂ ಒಂದಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು, ಒಡೆದು ಸೌದೆಯಾಗಲಿದ್ದ ಹಳೆಯ ಮನೆಗಳನ್ನು ತಂದು ಮತ್ತೆ ನಿಲ್ಲಿಸಿ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಕಟ್ಟಿದರು. ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ದಕ್ಷಿಣದ ನಾಲ್ಕು ಭಾಷೆಯವರ ಮನೆಗಳೂ ಇವೆ. ನಮ್ಮ ಇಳಕಲ್ ನೇಕಾರರ ಮನೆಯೂ ಇದೆ. ಒಡೆದೇ ಹೋಗುವ ಮನೆಗೆ ಇದು ಒಳ್ಳೆಯ ಆಸ್ಪತ್ರೆ. ಆದರೆ ಊರಿನ ಎಲ್ಲಾ ಮನೆಯನ್ನೂ ಆಸ್ಪತ್ರೆಗೆ ಸೇರಿಸಲಾಗುವುದಿಲ್ಲ. ಮನೆ ಅಲ್ಲಿಗೆ ಹೋದರೂ ಅದರ ಹಿತ್ತಲು, ಬಾವಿ, ಪಕ್ಕದ ಮನೆಯ ಜಗಳ, ಎದುರು ಮನೆಯ ಸಂಬಂಧ ಅಲ್ಲಿಗೆ ಹೋಗುವುದಿಲ್ಲ.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ತಳಿಯ ಬಳಿಯ ಗುಮ್ಮಳಾಪುರವನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಓದುವವರಿಗೆ ಆ ಹೆಸರು ಗೊತ್ತಿರುವುದು ಚಿರತೆಯಿಂದ. ಕೆನೆತ್ ಆಂಡರ್ಸನ್ ಎಂಬ ಬೆಂಗಳೂರಿನ ಬೇಟೆಗಾರ 1954ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಗುಮ್ಮಳಾಪುರದ ನರಭಕ್ಷಕ ಚಿರತೆಯ ಕಥೆ ಬರೆದಿದ್ದಾನೆ. ಕನ್ನಡ ಸಾಹಿತ್ಯ ಬಲ್ಲವರಿಗೆ ಅದು ಗೊತ್ತಿರುವುದು ಶೂನ್ಯಸಂಪಾದನೆಯಿಂದ. ವಚನಗಳನ್ನು ಸಂವಾದ ರೂಪದಲ್ಲಿ ಜೋಡಿಸಿದ ಆ ದೊಡ್ಡ ಗ್ರಂಥವನ್ನು ಪರಿಷ್ಕರಿಸಿದ ನಾಲ್ವರಲ್ಲಿ ಗುಮ್ಮಳಾಪುರದ ಸಿದ್ಧಲಿಂಗ ಯತಿಗಳು ಒಬ್ಬರು. ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಚಿರತೆಯ ಹೆಸರಿನಲ್ಲಿ ಊರು ನೆನಪಿದೆ, ಯತಿಗಳ ಹೆಸರಿನಲ್ಲಿ ಇಲ್ಲ. ಹಳೆಯ ಮಠದ ಒಂದು ಕೋಣೆಯಲ್ಲೋ ಊರ ಚಾವಡಿಯಲ್ಲೋ ನಾಲ್ಕು ಪುಸ್ತಕ ಇಟ್ಟು, ವಾರಕ್ಕೆರಡು ಸಂಜೆ ತೆರೆದರೆ, ಕಟ್ಟಡಕ್ಕೂ ಕೆಲಸ ಸಿಕ್ಕಿತು, ಹೆಸರಿಗೂ ದಾರಿ ಸಿಕ್ಕಿತು.

ನಮ್ಮ ಸೀಮೆಯ ಹೊಲಗಳ ಬದುವಿನಲ್ಲಿ ವೀರಗಲ್ಲುಗಳಿವೆ. 1993ರಲ್ಲಿ ಆರಂಭವಾದ ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅಂಥವನ್ನು ನೋಡಬಹುದು. ಗಡಿ ಎಂಬುದು ಕಲ್ಲಿಗೆ ಗೊತ್ತಿರಲಿಲ್ಲ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟವನ್ನು ತೆರೆದರೆ ಅದರಲ್ಲಿ ತಮಿಳು ಶಾಸನಗಳೇ ಎಷ್ಟೋ ಇವೆ. ಈ ಕಡೆ ಕನ್ನಡ ಶಾಸನಗಳಿವೆ. 1956ರ ನವೆಂಬರ್ 1ರಂದು ರಾಜ್ಯಗಳ ಎಲ್ಲೆ ಹೊಸದಾಗಿ ಬರೆದಾಗ ಹೊಸೂರು ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಎಂದು ನಮ್ಮ ವಿಳಾಸ ಬದಲಾಯಿತು. ಚಾವಡಿ ಮಾತ್ರ ಇದ್ದಲ್ಲೇ ಇತ್ತು. ಆದ್ದರಿಂದ ಹಳೆಯ ಕಟ್ಟಡ ಉಳಿಸುವುದು ಒಂದು ಭಾಷೆಯವರ ಕೆಲಸ ಎಂದು ಯಾರೂ ತಿಳಿಯಬಾರದು. ತಮಿಳಿನವರು, ತೆಲುಗಿನವರು, ಕನ್ನಡದವರು, ಉರ್ದುವಿನವರು ಎಲ್ಲರೂ ಒಂದೇ ಜಗಲಿಯಲ್ಲಿ ಕುಳಿತವರು.

ದುರಸ್ತಿಯ ಬಗ್ಗೆ ನಾಲ್ಕು ಉಪಯುಕ್ತ ಮಾತು. ಮೊದಲು ಚಾವಣಿ, ಆಮೇಲೆ ನೀರು ಹೋಗುವ ದಾರಿ, ಕೊನೆಗೆ ಗೋಡೆಯ ಅಂದ. ಬಣ್ಣ ಬಳಿಯುವುದರಿಂದ ಶುರು ಮಾಡಿದವರ ದುಡ್ಡು ಮಳೆಗೆ ಹೋಗುತ್ತದೆ. ಗೋಡೆಯಲ್ಲಿ ಮೊಳೆತ ಅರಳಿ, ಆಲದ ಗಿಡವನ್ನು ಚಿಕ್ಕದಿರುವಾಗಲೇ ಬೇರು ಸಮೇತ ತೆಗೆಯಬೇಕು. ಬಲಿತಿದ್ದರೆ ಎಳೆದು ಕೀಳಬಾರದು, ಕಲ್ಲೂ ಕಿತ್ತು ಬರುತ್ತದೆ. ಮಣ್ಣಿನ, ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಬಾರದು. ಹಳೆಯ ಗೋಡೆ ನೆಲದ ತೇವವನ್ನು ಎಳೆದುಕೊಂಡು ಗಾಳಿಗೆ ಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಉಪ್ಪು ಕಟ್ಟಿ ಇಟ್ಟಿಗೆ ಪುಡಿಯಾಗುತ್ತದೆ, ಮೂರು ನಾಲ್ಕು ವರ್ಷದಲ್ಲಿ ಸಿಮೆಂಟು ಹಪ್ಪಳದಂತೆ ಏಳುತ್ತದೆ.

ನಮ್ಮ ಹಿರಿಯರ ಗಾರೆ ಇದಕ್ಕೆ ಸರಿಯಾದ ಮದ್ದು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ದಿನಗಟ್ಟಲೆ ನೆನೆಹಾಕಿ, ಮರಳು ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ತಮಿಳಿನಲ್ಲಿ ಕಡುಕ್ಕಾಯ್ ಎನ್ನುವುದೇ ನಮ್ಮ ಅಳಲೆಕಾಯಿ. ಸುಣ್ಣ ಗಾಳಿಯನ್ನು ಹೀರಿ ವರ್ಷದಿಂದ ವರ್ಷಕ್ಕೆ ಕಲ್ಲಾಗುತ್ತದೆ. ಈ ಕೆಲಸ ಬಲ್ಲ ಗಾರೆಯವರು ಕಡಿಮೆಯಾಗುತ್ತಿದ್ದಾರೆ. ಅವರ ಜೊತೆ ನಾಲ್ಕು ಹುಡುಗರನ್ನು ಕೂಡಿಸಿ ಕಲಿಸದಿದ್ದರೆ ಮುಂದೆ ದುಡ್ಡಿದ್ದರೂ ಕೈ ಸಿಗುವುದಿಲ್ಲ.

ಇನ್ನು ದುಡ್ಡಿನ ಮಾತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಆದ್ದರಿಂದ ಇಷ್ಟು ಹೇಳಬಲ್ಲೆ. ಹಳೆಯ ಮನೆಯನ್ನು ಅಡಮಾನಕ್ಕೆ ತಂದಾಗ ಬೆಲೆ ಕಟ್ಟುವವರು ನಿವೇಶನಕ್ಕೆ ಬೆಲೆ ಕಟ್ಟುತ್ತಾರೆ, ಮಣ್ಣಿನ ಗೋಡೆಗೆ ಸೊನ್ನೆ ಹಾಕುತ್ತಾರೆ. ಕೆಡವಿ ಕಟ್ಟುವುದಕ್ಕೆ ಸಾಲ ಸಲೀಸು, ಉಳಿಸುವುದಕ್ಕೆ ಸಾಲ ಕಷ್ಟ. ಎರಡನೆಯ ತೊಡಕು ವಾರಸುದಾರರು. ಅಜ್ಜನ ಹೆಸರಿನಲ್ಲೇ ಪಟ್ಟಾ ಇರುತ್ತದೆ. ಮೊಮ್ಮಕ್ಕಳು ಹನ್ನೆರಡು ಜನ, ಇಬ್ಬರು ಊರಿನಲ್ಲಿ, ಉಳಿದವರು ಊರೂರಲ್ಲಿ. ಒಬ್ಬರು ರುಜು ಹಾಕದಿದ್ದರೂ ಹೆಂಚು ಹೊದಿಸಲಾಗುವುದಿಲ್ಲ. ಮನೆ ಬೀಳುವುದು ಮಳೆಯಿಂದ ಎನ್ನುತ್ತೇವೆ. ಎಷ್ಟೋ ಮನೆ ಬಿದ್ದಿರುವುದು ಕಾಗದದಿಂದ. ಆದ್ದರಿಂದ ಹಿರಿಯರು ಬದುಕಿರುವಾಗಲೇ ಕೂತು ಒಂದು ಕಾಗದ ಮಾಡಿಕೊಳ್ಳಿ. ಮನೆ ಯಾರದ್ದೇ ಆಗಲಿ, ಇಷ್ಟು ವರ್ಷ ಶಾಲೆಗೋ, ಸ್ವಸಹಾಯ ಗುಂಪಿಗೋ, ಹಾಲಿನ ಸಂಘಕ್ಕೋ ಬಳಕೆಗೆ ಬಿಟ್ಟಿದ್ದೇವೆ, ದುರಸ್ತಿ ಅವರದು, ಹಕ್ಕು ನಮ್ಮದು ಎಂದು ಬರೆದುಕೊಂಡರೆ ಇಬ್ಬರಿಗೂ ಭಯವಿಲ್ಲ.

ಕಾನೂನನ್ನೂ ತಿಳಿದಿರಬೇಕು. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ 200 ಮೀಟರ್ ವರೆಗೆ ಅನುಮತಿ ಬೇಕು. 1958ರ ಕಾಯಿದೆಗೆ 2010ರಲ್ಲಿ ಈ ತಿದ್ದುಪಡಿ ಬಂತು. ಆದರೆ ನಮ್ಮ ಊರಿನ ಚಾವಡಿ, ಛತ್ರ, ಅರವಟ್ಟಿಗೆ ಇಂಥವು ಸಾಮಾನ್ಯವಾಗಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವುಗಳಿಗೆ ಕಾವಲು ನಾವೇ. ಹಾಳು ಗುಡಿಯಲ್ಲಿ ನಿಧಿ ಇದೆ ಎಂದು ರಾತ್ರಿ ಅಗೆಯುವವರ ಕಾಟ ಬೇರೆ. 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೂ ಕಲೆಕ್ಟರಿಗೆ ತಿಳಿಸಬೇಕು. ಜಿಲ್ಲೆಯ ಗುಡ್ಡಗಳಲ್ಲಿ ಗ್ರಾನೈಟ್ ಕ್ವಾರಿ ನಡೆಯುತ್ತದೆ. ಕೆತ್ತನೆಯ ಕಂಬ, ಬಾಗಿಲುವಾಡಗಳಿಗೆ ಪಟ್ಟಣದ ವ್ಯಾಪಾರಿಗಳು ಬೆಲೆ ಕೇಳುತ್ತಾರೆ. ಕಂಬ ಮಾರಿದ ಮನೆ ಮತ್ತೆ ಏಳುವುದಿಲ್ಲ ಎಂಬುದನ್ನು ಮರೆಯಬೇಡಿ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಗಾರೆಯವರನ್ನು ಕರೆಸುವ ಮೊದಲು ಕೆಲಸವನ್ನು ಗೊತ್ತು ಮಾಡಿ. ಈ ಚಾವಡಿಯಲ್ಲಿ ಯಾರು, ಯಾವ ಹೊತ್ತು, ಏನು ಮಾಡುತ್ತಾರೆ ಎಂಬುದಕ್ಕೆ ಉತ್ತರ ಇರಬೇಕು. ಬೆಳಿಗ್ಗೆ ಅಂಗನವಾಡಿ, ಮಧ್ಯಾಹ್ನ ಹೆಂಗಸರ ಸಂಘ, ಸಂಜೆ ಮಕ್ಕಳ ಓದು. ಬೆಂಗಳೂರಿನಿಂದ ಭಾನುವಾರ ಬರುವವರಿಗೆ ರಾಗಿ ಮುದ್ದೆ ಹಾಕುವ ಊಟದ ಮನೆಯೂ ಆಗಬಹುದು, ಆದರೆ ಅದನ್ನು ನಡೆಸುವವರು ಊರಿನವರೇ ಆಗಿರಲಿ. ಬೀಗದ ಕೈ ಊರಿನ ಒಬ್ಬರ ಬಳಿ ಇರಲಿ. ಆ ಹೆಸರನ್ನು ಪಂಚಾಯಿತಿಯ ಪುಸ್ತಕದಲ್ಲಿ ಬರೆಸಿ. ದುರಸ್ತಿಗೆ ಮೊದಲು ಕಟ್ಟಡದ ಫೋಟೋ ತೆಗೆದು, ಅಳತೆ ಬರೆದು, ಹಿರಿಯರು ಹೇಳುವುದನ್ನು ಯಾವ ಭಾಷೆಯಲ್ಲಿ ಹೇಳುತ್ತಾರೋ ಅದೇ ಭಾಷೆಯಲ್ಲಿ ಬರೆದಿಡಿ.

ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಯನ್ನು ನಾವು ಹಾಸ್ಯಕ್ಕೆ ಆಡುತ್ತೇವೆ. ಬೇರೆ ಯಾರೂ ಇಲ್ಲದಲ್ಲಿ ಇವನದೇ ದರ್ಬಾರು ಎಂದು ನಗುತ್ತೇವೆ. ಯೋಚಿಸಿದರೆ ಅದರಲ್ಲಿ ನಗುವುದಕ್ಕಿಂತ ಹೆಚ್ಚಿನದು ಇದೆ. ಎಲ್ಲರೂ ಹೋದ ಮೇಲೂ ಉಳಿದು, ವರ್ಷಕ್ಕೊಮ್ಮೆ ಹಳೆಯ ಗುಡಿಗೆ ಬರುವ ನಂಟರಿಗೆ ದಾರಿ ತೋರಿಸುವವನು, ಬಾವಿಯ ಹೂಳು ತೆಗೆಸುವವನು, ಜಾರಿದ ಹೆಂಚನ್ನು ಅದೇ ದಿನ ಸರಿಸುವವನು ಒಬ್ಬ ಇದ್ದರೆ ಊರು ಲೆಕ್ಕದಿಂದ ಬಿದ್ದುಹೋಗುವುದಿಲ್ಲ. ನಿಮ್ಮ ಊರಿನಲ್ಲಿ ಅಂಥವರು ಒಬ್ಬಿಬ್ಬರಾದರೂ ಇದ್ದಾರೆ. ಗಂಡಸರೇ ಆಗಬೇಕೆಂದಿಲ್ಲ, ಹಳೆಯ ಮನೆಯನ್ನು ಸಾರಿಸಿಕೊಂಡು ಕೂತ ಅಜ್ಜಿಯೂ ಆ ಊರಿನ ಗೌಡಿತಿಯೇ. ಮಳೆಗಾಲ ಬರುವ ಮೊದಲು ಅವರ ಬಳಿ ಹೋಗಿ, ಏಣಿ ಹಿಡಿಯಲು ಯಾರು ಬೇಕು ಎಂದು ಕೇಳಿ.